ಅಳಿಸಿದ ಹೆಸರೂ ದಾಖಲೆಯೇ

ಕೇಳುಗರಿಗೆ ನಮಸ್ಕಾರ. ವೈದ್ಯ ಸಂಸ್ಥೆಗಳ ಹಳೆಯ ಪುಸ್ತಕ, ಕಾಗದಪತ್ರಗಳನ್ನು ಕೆಡಿಸದೆ ಕಾಪಾಡುವುದು ಹೇಗೆ ಎಂಬುದು ಇವತ್ತಿನ ಮಾತು.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ನಾವು ತಿಳಿದಿರುವಂಥ ಮೆಡಿಕಲ್ ಕಾಲೇಜಲ್ಲ, ವೈದ್ಯರ ವೃತ್ತಿಸಂಸ್ಥೆ. ಥಾಮಸ್ ಲಿನಾಕರ್ ಮೊದಲಾದವರ ಕೋರಿಕೆಯಂತೆ ದೊರೆ ಎಂಟನೇ ಹೆನ್ರಿ 1518ರಲ್ಲಿ ಅದಕ್ಕೆ ಸನ್ನದು ಕೊಟ್ಟ. 1666ರ ಮಹಾಬೆಂಕಿಯಲ್ಲಿ ಕಟ್ಟಡ ಉರಿದುಹೋಯಿತು. ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಕ್ರಿಸ್ಟೋಫರ್ ಮೆರೆಟ್ ಉಳಿಸಿದ್ದು ಸುಮಾರು 140 ಪುಸ್ತಕ. ಮುಂದೆ ಡಾರ್ಚೆಸ್ಟರಿನ ಮಾರ್ಕ್ವೆಸ್ ಎಂಬ ಪದವಿಯಿದ್ದ ಕುಲೀನನ ಸಂಗ್ರಹ ಬಂದು ಕಪಾಟುಗಳು ಮತ್ತೆ ತುಂಬಿದವು.

ಆ ಸಂಗ್ರಹದಲ್ಲಿ ವಿದ್ವಾಂಸ ಜಾನ್ ಡೀಯ ನೂರಕ್ಕೂ ಹೆಚ್ಚು ಪುಸ್ತಕಗಳಿವೆ. 1583ರಲ್ಲಿ ಡೀ ಯುರೋಪಿಗೆ ಹೋದ ಮೇಲೆ ಅವನ ಮನೆಯಿಂದ ಪುಸ್ತಕಗಳು ಕಳುವಾದವು. ಕೆಲವುಗಳ ಮೊದಲ ಪುಟದಲ್ಲಿ ಅವನ ಸಹಿಯನ್ನು ಅಳಿಸಿದ ಕಲೆಯಿದೆ, ಅದರ ಮೇಲೆ ನಿಕೊಲಸ್ ಸಾಂಡರ್ ಎಂಬ ಹೆಸರು ಕೂತಿದೆ. ಆ ಕಲೆಯನ್ನು ಯಾರಾದರೂ ಚೊಕ್ಕಟ ಮಾಡಲು ಹೋಗಿದ್ದರೆ ಕಳವಿನ ಸಾಕ್ಷಿಯೇ ಅಳಿದುಹೋಗುತ್ತಿತ್ತು. ಹಳೆಯ ಕಾಗದದ ವಿಷಯದಲ್ಲಿ ನನಗೆ ಬೆಂಕಿಗಿಂತ ಹೆಚ್ಚು ಹೆದರಿಕೆ ಇಂಥ ಒಳ್ಳೆಯ ಮನಸ್ಸಿನ ಕೈಗಳದ್ದು.

ವೈದ್ಯ ಸಂಸ್ಥೆಗಳ ಹಳೆಯ ನಡಾವಳಿ ಪುಸ್ತಕ, ಪರೀಕ್ಷೆಯ ದಾಖಲೆ, ಪತ್ರಗಳಲ್ಲಿ ಬಹುಪಾಲು ಬರೆದದ್ದು ಮಾಚಿಕಾಯಿ, ಅನ್ನಭೇದಿ ಎಂಬ ಕಬ್ಬಿಣದ ಲವಣ, ಗೋಂದು ಸೇರಿಸಿ ಮಾಡಿದ ಕಪ್ಪು ಶಾಯಿಯಲ್ಲಿ. ಅನ್ನಭೇದಿ ಹೆಚ್ಚಾಗಿದ್ದ ಕಡೆ ಅಕ್ಷರದ ಸುತ್ತ ಮೊದಲು ಕಂದು ಬಣ್ಣ ಹರಡುತ್ತದೆ, ಆಮೇಲೆ ಹಾಳೆ ಬಿರಿಯುತ್ತದೆ, ಕೊನೆಗೆ ಅಕ್ಷರವೇ ಉದುರಿ ತೂತು ಉಳಿಯುತ್ತದೆ. ಇಂಥ ಹಾಳೆಗೆ ನೀರಿನಂಶದ ಅಂಟು ಬಳಿದರೆ ಒಳಗಿನ ಕಬ್ಬಿಣದ ಅಂಶ ತೇವದ ಜೊತೆ ಸರಿದು, ಗಟ್ಟಿಯಿದ್ದ ಜಾಗವನ್ನೂ ತಿನ್ನತೊಡಗುತ್ತದೆ. ಹಾಗಾಗಿ ತೆಳುವಾದ ಜಪಾನೀ ಕಾಗದಕ್ಕೆ ಜೆಲಟಿನ್ ಹಚ್ಚಿ ಒಣಗಿಸಿಟ್ಟುಕೊಂಡು, ಬೇಕಾದಾಗ ತೀರಾ ಕಡಿಮೆ ತೇವ ಕೊಟ್ಟು ಕೂರಿಸುತ್ತಾರೆ. ಬೇರೆ ಶಾಯಿಯ ಹರಿದ ಹಾಳೆಗೆ ಗೋಧಿ ಪಿಷ್ಟದ ಅಂಟು ಸಾಕು, ನೀರು ಹಾಕಿದರೆ ಮುಂದೆ ಬಿಚ್ಚಿಕೊಳ್ಳುತ್ತದೆ. ಸೆಲೋಟೇಪು ಮಾತ್ರ ಬೇಡವೇ ಬೇಡ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರುತ್ತದೆ, ಹಳದಿ ಜಿಗುಟು ಕಾಗದದೊಳಗೆ ಇಳಿದಿರುತ್ತದೆ. ಲ್ಯಾಮಿನೇಷನ್ನೂ ಅಷ್ಟೇ, ಹಿಂದಿರುಗುವ ದಾರಿಯಿಲ್ಲ.

ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ. ಅದರ ಎರಡೂ ಬದಿಗೆ ಪಾಲಿಯೆಸ್ಟರ್ ಹಾಳೆಯ ಚೂರು ತೂರಿಸಿ, ಕಾಗದಕ್ಕೆ ಬಲ ಬೀಳದಂತೆ ನಿಧಾನ ಬಿಡಿಸಿ. ಯಾವ ಹಾಳೆಗಳು ಒಟ್ಟಿಗಿದ್ದವು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಕಡತಗಳನ್ನು ತಾರೀಖಿನ ಪ್ರಕಾರ ಹೊಸದಾಗಿ ಜೋಡಿಸುವ ಆಸೆ ಬರುತ್ತದೆ, ಬೇಡ. ಕಾರ್ಯದರ್ಶಿ ಯಾವ ಪತ್ರವನ್ನು ಯಾವುದರ ಜೊತೆ ಇಟ್ಟಿದ್ದ ಎಂಬುದರಿಂದಲೇ ಸಂಸ್ಥೆಯ ಒಂದು ತೀರ್ಮಾನ ಹೇಗೆ ಹುಟ್ಟಿತೆಂದು ತಿಳಿಯುತ್ತದೆ. ಸನ್ನದಿನಂಥ ಚರ್ಮದ ಹಾಳೆಗಳಿಗೆ ಇಸ್ತ್ರಿ ತಾಗಿಸಿದರೆ ಸುರುಟಿಕೊಂಡು ಗಟ್ಟಿಯಾಗುತ್ತವೆ. ಮೇಣದ ಮುದ್ರೆ ತೂಗಾಡದಂತೆ ಅಡಿಯಲ್ಲಿ ಮೆತ್ತೆ ಇರಬೇಕು.

ಕೋಣೆ ತಂಪಾಗಿರಬೇಕು, ತೇವಾಂಶ ಶೇಕಡಾ 35ರಿಂದ 60 ಇರಬೇಕು ಎಂಬುದು ಬ್ರಿಟನ್ನಿನ ಪತ್ರಾಗಾರಗಳ ಲೆಕ್ಕ. ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲೆ ಕಪಾಟು, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆ.

ರೋಗಿಗಳ ಹೆಸರಿರುವ ಕಾಗದಗಳನ್ನು ಸಾಮಾನ್ಯವಾಗಿ ನೂರು ವರ್ಷ ತೆರೆಯುವುದಿಲ್ಲ, ಪಟ್ಟಿ ಮಾಡುವಾಗಲೇ ಆ ಪೆಟ್ಟಿಗೆಗಳನ್ನು ಬೇರೆ ಗುರುತಿಸಬೇಕು.

ನೀರು ನುಗ್ಗಿದರೆ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಒಣಗಿಸಲಾಗದಷ್ಟು ಪುಸ್ತಕ ನೆನೆದಿದ್ದರೆ, ತೆರೆಯದೆ ಹಾಗೇ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಡಿ, ಆಮೇಲೆ ಒಂದೊಂದಾಗಿ ಒಣಗಿಸಬಹುದು. ಮೊದಲು ಹೊರಗೆ ತರಬೇಕಾದ ಪೆಟ್ಟಿಗೆಗಳ ಪಟ್ಟಿ ಕಪಾಟಿನ ಸಂಖ್ಯೆಯೊಂದಿಗೆ ಈಗಲೇ ಸಿದ್ಧವಿರಲಿ. ಅದರ ಒಂದು ಪ್ರತಿ ಕಟ್ಟಡದ ಹೊರಗಿರಲಿ.