ಒಂಟಿ ವಾಕ್ಯ ಬಿಡಿ, ಪ್ಯಾಸೇಜ್ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳು, ಮೇಡಂಗಳು. ಹಾಗಾಗಿ ಇಂಗ್ಲಿಷ್ ಯಾಕೆ ಬೇಕು ಅನ್ನುವ ಭಾಷಣ ಬೇಡ. ಅದನ್ನು ನೀವೇ ಮಕ್ಕಳ ಮುಂದೆ ಎಷ್ಟೋ ಸಲ ಮಾಡಿದ್ದೀರಿ.

ಸಂಘಟಕರು ಫೋನ್ ಮಾಡಿ, 'ಸರ್, ಗ್ರಾಮರ್ ಪ್ರಾಕ್ಟೀಸಿಗೆ ಒಂದಷ್ಟು ವರ್ಕ್‌ಶೀಟ್ ತನ್ನಿ, ಜೊತೆಗೆ ರೀಡಿಂಗ್ ಬಗ್ಗೆಯೂ ನಾಲ್ಕು ಮಾತಾಡಿ' ಅಂದರು. ಆ ಮಾತಿನಲ್ಲೇ ನನ್ನ ಜಗಳ ಇದೆ. ಗ್ರಾಮರ್ ಒಂದು ಕಡೆ, ಓದು ಇನ್ನೊಂದು ಕಡೆ. ಎರಡಕ್ಕೂ ಬೇರೆ ಪೀರಿಯಡ್, ಬೇರೆ ನೋಟ್‌ಬುಕ್. ಗ್ರಾಮರ್ ನೋಟ್‌ಬುಕ್ಕಿನ ವಾಕ್ಯಕ್ಕೂ ಪಾಠದ ವಾಕ್ಯಕ್ಕೂ ಮುಖಪರಿಚಯವೇ ಇಲ್ಲ. ವರ್ಕ್‌ಶೀಟ್ ತಂದಿಲ್ಲ, ಕ್ಷಮಿಸಿ. ಜಗಳ ತಂದಿದ್ದೇನೆ.

ಮೊದಲು ಒಂದು ಕಥೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಇಬ್ಬರು ಈಗಲೇ ನಗುತ್ತಿದ್ದಾರೆ, ಅವರು ಹಿಂದೆ ಕೇಳಿದ್ದಾರೆ ಅಂತ ಕಾಣುತ್ತದೆ. ಇನ್ನೊಂದು ಸಲ ಸಹಿಸಿಕೊಳ್ಳಿ.

ಒಂಬತ್ತನೇ ಕ್ಲಾಸಿಗೆ ಒಮ್ಮೆ ಅತಿಥಿಯಾಗಿ ಹೋಗಿದ್ದೆ. ಬೋರ್ಡ್ ಮೇಲೆ ಎರಡು ಸಾಲು ಬರೆದೆ. 'ದ ಗ್ಲೋಕ್ ವಾಸ್ ವೆರಿ ಟ್ರಿಬ್ಬಿ. ಇಟ್ ಫ್ಲಾಮ್ಡ್ ದ ಸ್ಮಾರ್ವ್ ಇನ್ ದ ವಿಲೋರ್ ಬಿಕಾಸ್ ದ ಸ್ಮಾರ್ವ್ ಹ್ಯಾಡ್ ಜಂಕ್ಡ್ ಇಟ್ಸ್ ಪೂಡರ್.' ಡಿಕ್ಷನರಿ ತೆಗೆಯಬೇಡಿ, ಪ್ರಯೋಜನವಿಲ್ಲ. ಹೆಚ್ಚು ಕಡಿಮೆ ಎಲ್ಲ ನಾನೇ ಹುಟ್ಟಿಸಿದ ಪದಗಳು. ಕೆಳಗೆ ಮೂರು ಪ್ರಶ್ನೆ ಬರೆದೆ. ಗ್ಲೋಕ್ ಹೇಗಿತ್ತು? ಅದು ಸ್ಮಾರ್ವನ್ನು ಎಲ್ಲಿ ಫ್ಲಾಮ್ ಮಾಡಿತು? ಯಾಕೆ?

ಮಕ್ಕಳು ಗಂಭೀರವಾಗಿ ಬರೆದರು. 'ದ ಗ್ಲೋಕ್ ವಾಸ್ ವೆರಿ ಟ್ರಿಬ್ಬಿ.' ಸರಿ. 'ಇಟ್ ಫ್ಲಾಮ್ಡ್ ದ ಸ್ಮಾರ್ವ್ ಇನ್ ದ ವಿಲೋರ್.' ಸರಿ. ಮೂರನೆಯದೂ ಸರಿ. ಇಡೀ ಕ್ಲಾಸಿಗೆ ಪೂರ್ತಿ ಮಾರ್ಕ್ಸ್! ಒಬ್ಬ ಹುಡುಗನಂತೂ ಉತ್ತರದ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದ. ಗ್ಲೋಕ್ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾಸೇಜಿನಲ್ಲಿ ಹುಡುಕು, ಅದರ ಅಕ್ಕಪಕ್ಕ ಇರುವುದನ್ನು ಎತ್ತಿ ಬರೆ. ಇದನ್ನೇ ನಾವು ಕಾಂಪ್ರಿಹೆನ್ಶನ್ ಅನ್ನುತ್ತಿದ್ದೇವೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಾನು ನಾಲ್ಕನೇ ಪ್ರಶ್ನೆ ಕೇಳಿದೆ. ಎರಡು ಘಟನೆ ಇವೆಯಲ್ಲ, ಒಂದು ಫ್ಲಾಮ್ ಮಾಡಿದ್ದು, ಒಂದು ಜಂಕ್ ಮಾಡಿದ್ದು. ಮೊದಲು ಯಾವುದು ಆಯಿತು? ಕ್ಲಾಸ್ ಪೂರ್ತಿ ತಣ್ಣಗಾಯಿತು. ಸುಮಾರು ಮಕ್ಕಳು ಫ್ಲಾಮ್ ಅಂದರು. ಯಾಕೆ? ಅದನ್ನೇ ಮೊದಲು ಬರೆದಿದೆ, ಅದಕ್ಕೆ. ಅದೇ ಮಕ್ಕಳ ಗ್ರಾಮರ್ ನೋಟ್‌ಬುಕ್ ತೆಗೆದು ನೋಡಿ. ಪಾಸ್ಟ್ ಪರ್ಫೆಕ್ಟ್ ಟೆನ್ಸಿನ ವ್ಯಾಖ್ಯೆ ಇದೆ, ಹ್ಯಾಡ್ ಜೊತೆ ಕ್ರಿಯಾಪದದ ಮೂರನೇ ರೂಪ ಅನ್ನುವ ಸೂತ್ರ ಇದೆ, ಕೆಂಪು ಇಂಕಿನಲ್ಲಿ ಗುಡ್ ಅಂತಲೂ ಇದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. 'ಸರ್, ಮೊದಲು ಸ್ಮಾರ್ವ್ ಏನೋ ಕಿತಾಪತಿ ಮಾಡಿದೆ. ಆಮೇಲೆ ಗ್ಲೋಕ್ ಅದಕ್ಕೆ ಬಾರಿಸಿದೆ.' ಹೇಗಮ್ಮಾ ಗೊತ್ತಾಯ್ತು ಅಂದೆ. 'ಹ್ಯಾಡ್ ಇದೆ ಸರ್. ಬಿಕಾಸೂ ಇದೆ.' ಸರಿ, ಫ್ಲಾಮ್ ಅಂದರೆ ಬಾರಿಸುವುದು ಅಂತ ಯಾರು ಹೇಳಿದರು? 'ಪೂಡರ್ ಹಾಳು ಮಾಡಿದರೆ ಇನ್ನೇನು ಮುತ್ತು ಕೊಡ್ತಾರಾ ಸರ್?' ಅಂದಳು. ಅಷ್ಟರಲ್ಲಿ ಪಕ್ಕದ ಹುಡುಗ, ಇಟ್ಸ್ ಅಂತ ಇದೆ, ಪೂಡರ್ ಗ್ಲೋಕಿನದೋ ಸ್ಮಾರ್ವಿನದೋ ಅಂತ ಶುರು ಮಾಡಿದ. ಕ್ಲಾಸ್ ಎರಡು ಪಕ್ಷವಾಯಿತು. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಇಲ್ಲದ ಪ್ರಾಣಿಯ ಇಲ್ಲದ ವಸ್ತುವಿಗಾಗಿ ಆ ಮಕ್ಕಳು ಸರ್ವನಾಮದ ಬಗ್ಗೆ ಜಗಳ ಆಡಿದರು, ಸ್ವಾಮಿ! ಗ್ರಾಮರ್ ಪೀರಿಯಡ್ಡಿನಲ್ಲಿ ಇಂಥದ್ದು ನೋಡಿದ್ದೀರಾ?

ನಾನು ಹೇಳಬೇಕಾದದ್ದು ಇಷ್ಟೇ. ಗ್ರಾಮರ್ ಇರುವುದು ಓದುವವನಿಗೆ ಸುದ್ದಿ ತಿಳಿಸುವುದಕ್ಕೆ. ಯಾರು, ಯಾವಾಗ, ಯಾರಿಗೆ, ಯಾವುದು ಮೊದಲು. ಒಂಟಿ ವಾಕ್ಯದಲ್ಲಿ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ.

ಆರ್ಟಿಕಲ್ ತೆಗೆದುಕೊಳ್ಳಿ. 'ಐ ಸಾ ಡ್ಯಾಶ್ ಡಾಗ್.' ಬಿಟ್ಟ ಸ್ಥಳ ತುಂಬಿ ನೋಡೋಣ. ಎಲ್ಲರೂ 'ಎ' ಅಂದಿರಿ. 'ದ' ಹಾಕಿದ ಮಗುವಿಗೆ ಸೊನ್ನೆ ಕೊಡುತ್ತೀರಾ? ಯಾವ ನಾಯಿ ಅಂತ ಇಬ್ಬರಿಗೂ ಗೊತ್ತಿದ್ದರೆ 'ದ' ಸರಿಯೇ. ಇಲ್ಲಿ ಉತ್ತರ ಇರುವುದು ಕೀ ಆನ್ಸರ್ ಬರೆದವನ ತಲೆಯಲ್ಲಿ, ವಾಕ್ಯದಲ್ಲಲ್ಲ. ಈಗ ಇದನ್ನು ಕೇಳಿ. 'ಎ ಮ್ಯಾನ್ ಕೇಮ್ ಟು ಅವರ್ ಡೋರ್ ವಿತ್ ಎ ಡಾಗ್. ದ ಮ್ಯಾನ್ ಸ್ಮೈಲ್ಡ್. ದ ಡಾಗ್ ಡಿಡ್ ನಾಟ್.' ಮೂರು ಸಾಲು ಸಾಕು. ಮೊದಲ ಸಲ ಬಂದಾಗ 'ಎ', ಪರಿಚಯ ಆದಮೇಲೆ 'ದ'. ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ನಿಜ. ಆದರೆ ಅಜ್ಜಿ ಕಥೆ ಶುರು ಮಾಡುವುದೇ 'ಒಬ್ಬ ರಾಜ ಇದ್ದ' ಅಂತ. ಮುಂದಿನ ಮಾತು 'ಆ ರಾಜನಿಗೆ' ಅಂತ ಬರುತ್ತದೆ. 'ಆ ರಾಜ ಇದ್ದ' ಅಂತ ಶುರು ಮಾಡಿದರೆ ಮಗುವೇ 'ಯಾವ ರಾಜ?' ಅಂತ ಕೇಳುತ್ತದೆ. ದ ಸನ್, ದ ಮೂನ್ ಅಂತ ಬೇರೆ ಲೆಕ್ಕಗಳೂ ಇವೆ, ಒಪ್ಪುತ್ತೇನೆ. ಅವು ಆಮೇಲೆ ಬರಲಿ.

ಕರ್ತರಿ ಕರ್ಮಣಿ ಪ್ರಯೋಗದ ಬಗ್ಗೆ ಮಾತಾಡಿದರೆ ನನಗೆ ಬಿಪಿ ಏರುತ್ತದೆ. 'ರಾಮಾ ಕಿಲ್ಡ್ ಎ ಸ್ನೇಕ್', ಇದನ್ನು ತಿರುಗಿಸು. ಆ ಹಾವು ಎಷ್ಟು ತಲೆಮಾರಿನಿಂದ ಸಾಯುತ್ತಲೇ ಇದೆಯೋ! ಮಕ್ಕಳು ತಿರುಗಿಸುತ್ತಾರೆ, ಕೊನೆಗೆ 'ಬೈ ರಾಮಾ' ಅಂತ ಮರೆಯದೆ ಸೇರಿಸುತ್ತಾರೆ, ಇಲ್ಲದಿದ್ದರೆ ಅರ್ಧ ಮಾರ್ಕ್ ಹೋಗುತ್ತದೆ. ಆದರೆ ಬರೆಯುವವರು ಕರ್ಮಣಿ ಹಿಡಿಯುವುದು ಎಷ್ಟೋ ಸಲ ಆ 'ಬೈ' ಬೇಡ ಅಂತಲೇ. ಯಾರು ಮಾಡಿದರು ಗೊತ್ತಿಲ್ಲ, ಅಥವಾ ಹೇಳುವ ಅಗತ್ಯ ಇಲ್ಲ, ಅಥವಾ ಹೇಳಿದರೆ ಕಷ್ಟ. 'ದ ಫೈಲ್ ವಾಸ್ ಲಾಸ್ಟ್' ಅನ್ನುವ ವಾಕ್ಯ ಆಫೀಸುಗಳಲ್ಲಿ ಯಾಕೆ ಅಷ್ಟು ಜನಪ್ರಿಯ ಹೇಳಿ? ಒಂದು ಸುದ್ದಿ ಕೊಟ್ಟು, ಇಲ್ಲಿ ಕೆಲಸ ಮಾಡಿದವರ ಹೆಸರನ್ನು ಎಲ್ಲೆಲ್ಲಿ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಅಂತ ಕೇಳಿ ನೋಡಿ. ಹತ್ತನೇ ಕ್ಲಾಸಿನ ಮಕ್ಕಳು ಪತ್ತೇದಾರರಾಗುತ್ತಾರೆ.

ಈ ಒಂಟಿ ವಾಕ್ಯದ ಚಾಳಿ ಇಂದು ನಿನ್ನೆಯದಲ್ಲ. ಲಿಂಡ್ಲೆ ಮರ್ರೆ ಅಂತ ಒಬ್ಬರಿದ್ದರು. ಅಮೆರಿಕದ ವಕೀಲರು, ಇಂಗ್ಲೆಂಡಿನ ಯಾರ್ಕಿಗೆ ಬಂದು ನೆಲೆಸಿದ್ದರು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ 1795ರಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದರು. 1797ರಲ್ಲಿ ಅಭ್ಯಾಸದ ಪುಸ್ತಕ ಬಂತು. ಅದರಲ್ಲಿ ಸಾಲು ಸಾಲು ತಪ್ಪು ವಾಕ್ಯಗಳು, ಮಕ್ಕಳು ತಿದ್ದಬೇಕು. ನಮ್ಮ 'ತಪ್ಪು ತಿದ್ದಿ ಬರೆಯಿರಿ' ಪ್ರಶ್ನೆಗೆ ಇನ್ನೂರು ವರ್ಷದ ಮೇಲಾಯಿತು. ವಕೀಲರು ತಪ್ಪು ಹುಡುಕುವುದನ್ನು ಕಲಿಸಿಹೋದರು, ನಾವು ಇನ್ನೂ ಕೇಸ್ ನಡೆಸುತ್ತಿದ್ದೇವೆ.

ಇನ್ನು ಬಿಟ್ಟ ಸ್ಥಳ. ಅದನ್ನು ನಾನು ದ್ವೇಷಿಸುತ್ತೇನೆ ಅಂದುಕೊಳ್ಳಬೇಡಿ. 1953ರಲ್ಲಿ ವಿಲ್ಸನ್ ಟೇಲರ್ ಕ್ಲೋಜ್ ಅನ್ನುವ ವಿಧಾನದ ಬಗ್ಗೆ ಬರೆದರು. ಒಂದು ಬರಹ ಓದುಗರಿಗೆ ಎಷ್ಟು ಸುಲಭ ಅಂತ ಅಳೆಯಬೇಕಿತ್ತು. ಅದಕ್ಕೆ ಇಡೀ ಪ್ಯಾಸೇಜ್ ತೆಗೆದುಕೊಂಡು, ಇಂತಿಷ್ಟು ಪದಕ್ಕೊಂದರಂತೆ ಪದ ಅಳಿಸಿ, ತುಂಬಿ ಅಂದರು. ಹಿಂದೆ ಮುಂದೆ ಓದದೆ ತುಂಬಲು ಆಗುವುದೇ ಇಲ್ಲ. ನಾವು ಬಿಟ್ಟ ಸ್ಥಳ ಇಟ್ಟುಕೊಂಡೆವು, ಪ್ಯಾಸೇಜ್ ಎಸೆದೆವು.

ಈಗ ಓದಿನ ಕಡೆಯಿಂದ ಬರೋಣ. ಒಂದು ವಾಕ್ಯ. 'ದ ಓಲ್ಡ್ ಮ್ಯಾನ್ ಹೂ ಲಿವ್ಡ್ ನಿಯರ್ ದ ರಿವರ್ ಸೋಲ್ಡ್ ಹಿಸ್ ಬೋಟ್.' ದೋಣಿ ಮಾರಿದ್ದು ಯಾರು? ನಿಮಗೆ ನಗು ಬರಬಹುದು, ಆದರೆ ಕೆಲವು ಮಕ್ಕಳು ಇಲ್ಲಿ ನದಿಯಿಂದಲೇ ದೋಣಿ ಮಾರಿಸುತ್ತಾರೆ. ಸೋಲ್ಡ್ ಪಕ್ಕದಲ್ಲಿ ಇರುವುದು ರಿವರ್ ತಾನೇ? ಕನ್ನಡದಲ್ಲಿ 'ನದಿಯ ಹತ್ತಿರ ವಾಸವಿದ್ದ ಮುದುಕ' ಅನ್ನುತ್ತೇವೆ. ವಿವರ ಎಲ್ಲ ಮುಗಿದ ಮೇಲೆ ಮುದುಕ ಬರುತ್ತಾನೆ, ಕ್ರಿಯಾಪದ ಕೊನೆಗೆ ಕಾದಿರುತ್ತದೆ. ಇಂಗ್ಲಿಷಿನಲ್ಲಿ ಮುದುಕ ಮೊದಲು ಬಂದು ನಿಂತುಬಿಡುತ್ತಾನೆ, ವಿವರ ಆಮೇಲೆ. ಅವನನ್ನು ನೆನಪಿಟ್ಟುಕೊಂಡು ಮುಂದೆ ಹೋಗಬೇಕು. ಇಂಥ ವಿವರದ ಉಪವಾಕ್ಯಕ್ಕೆ ರಿಲೇಟಿವ್ ಕ್ಲಾಜ್ ಅಂತ ಹೆಸರು ಹೇಳಿಕೊಟ್ಟರೆ ಇದು ಬರುವುದಿಲ್ಲ. ಪೆನ್ಸಿಲ್ ಕೊಡಿ. ದ ಓಲ್ಡ್ ಮ್ಯಾನ್, ಒಂದು ಗೆರೆ. ಹೂ ಲಿವ್ಡ್ ನಿಯರ್ ದ ರಿವರ್, ಒಂದು ಗೆರೆ. ಸೋಲ್ಡ್ ಹಿಸ್ ಬೋಟ್. ಗೆರೆ ಇರುವಲ್ಲಿ ಮಾತ್ರ ನಿಲ್ಲಿಸಿ ಗಟ್ಟಿಯಾಗಿ ಓದಿಸಿ. ನಡುವಿನ ತುಂಡನ್ನು ಬೆರಳಿನಲ್ಲಿ ಮುಚ್ಚಿ ಇನ್ನೊಮ್ಮೆ ಓದಿಸಿ. ಕರ್ತೃ ಯಾರು, ಕ್ರಿಯಾಪದ ಏಕವಚನವೋ ಬಹುವಚನವೋ, ಎರಡೂ ಅಲ್ಲೇ ಸಿಗುತ್ತವೆ. 'ದ ಬುಕ್ಸ್ ಆನ್ ದ ಟೇಬಲ್ ಈಸ್' ಅಂತ ಬರೆಯುವ ಮಗುವಿಗೂ ಇದೇ ಔಷಧಿ.

ರಿಪೋರ್ಟೆಡ್ ಸ್ಪೀಚಿನಲ್ಲೂ ಇದೇ ಕಥೆ. ಕನ್ನಡದಲ್ಲಿ 'ನಾನು ಬರ್ತೀನಿ ಅಂತ ಅವನು ಹೇಳಿದ' ಅನ್ನುತ್ತೇವೆ. ಅವನ ಮಾತನ್ನು ಹಾಗೇ ಇಟ್ಟು, ಅಂತ ಸೇರಿಸಿದರೆ ಮುಗಿಯಿತು. ಮಗು ಅದನ್ನೇ ಇಂಗ್ಲಿಷಿಗೆ ಒಯ್ದು 'ಹಿ ಸೆಡ್ ದಟ್ ಐ ವಿಲ್ ಕಮ್' ಅಂತ ಬರೆಯುತ್ತದೆ. ಈಗ ಬರಬೇಕಾದವನು ಅವನಲ್ಲ, ಮಗುವೇ! ವಿಲ್ ಇದ್ದದ್ದು ವುಡ್ ಆಗುತ್ತದೆ ಅನ್ನುವ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು, ಈ ವಾಕ್ಯದ ಪ್ರಕಾರ ಯಾರು ಬರುತ್ತಾರೆ ಅಂತ ಕೇಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ ಬರೆದು, ಅದನ್ನು ಹೊಡೆದು ಐದು ಮಾಡಿದ್ದಾರೆ. ತಿದ್ದಿ ಬರೆಯುವ ಅಭ್ಯಾಸ ಬಿಡುವುದು ಕಷ್ಟ. ಸರಿ, ಉಳಿದದ್ದನ್ನು ಓಡಿಸುತ್ತೇನೆ.

ಯಾವ ಪ್ಯಾಸೇಜ್ ಆರಿಸಬೇಕು? ಸುಲಭದ್ದು. ನೀವು ಅಂದುಕೊಂಡದ್ದಕ್ಕಿಂತ ಸುಲಭದ್ದು. ಹು ಮತ್ತು ಪಾಲ್ ನೇಷನ್ ಅನ್ನುವ ಇಬ್ಬರು ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಥೆ ಓದಿ ಅರ್ಥಮಾಡಿಕೊಳ್ಳಬೇಕಾದರೆ ಹೆಚ್ಚಿನವರಿಗೆ 98% ಪದಗಳು ಗೊತ್ತಿರಬೇಕು. ಅಂದರೆ 300 ಪದಗಳ ಪ್ಯಾಸೇಜಿನಲ್ಲಿ ಗೊತ್ತಿಲ್ಲದ್ದು ಆರು. ನಮ್ಮ ಮಕ್ಕಳ ಪುಸ್ತಕದಲ್ಲಿ ಪದಗಳ ಮೇಲೆ ಪೆನ್ಸಿಲಿನಲ್ಲಿ ಬರೆದ ಕನ್ನಡ ಅರ್ಥಗಳನ್ನು ಎಣಿಸಿ ನೋಡಿ. ಅದು ಓದಲ್ಲ, ಗುದ್ದಾಟ. ಗ್ರಾಮರ್ ಗಮನಿಸಲು ತಲೆಯಲ್ಲಿ ಜಾಗ ಎಲ್ಲಿ ಉಳಿಯುತ್ತದೆ?

ಜೊತೆಗೆ ಪ್ರಶ್ನೆ ಇಲ್ಲದ ಓದು ಬೇಕು. ಫಿಜಿಯಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಅನ್ನುವ ಇಬ್ಬರು ಮಾಡಿದ ಪ್ರಯೋಗ 1983ರಲ್ಲಿ ಪ್ರಕಟವಾಯಿತು. ಹಳ್ಳಿ ಶಾಲೆಗಳ ತರಗತಿಗಳಿಗೆ ಸುಮಾರು 250 ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟರು. ಅವು ಪ್ರೈಮರಿ ಮಕ್ಕಳು, ಇಂಗ್ಲಿಷ್ ಅವರ ಮನೆಮಾತಲ್ಲ. ಓದುವುದರಲ್ಲಿ ಆ ಮಕ್ಕಳು ಮಾಮೂಲಿ ಪಾಠ ಕೇಳಿದವರಿಗಿಂತ ಎಷ್ಟೋ ಮುಂದೆ ಹೋದರು. ಎರಡನೇ ವರ್ಷದ ಹೊತ್ತಿಗೆ ಬರವಣಿಗೆ, ವ್ಯಾಕರಣದಲ್ಲೂ ಲಾಭ ಕಂಡಿತು. ಇಲ್ಲಿ ಒಂದು ಎಚ್ಚರಿಕೆ. ಸುಮ್ನೆ ಓದಿದರೆ ಎಲ್ಲ ಗ್ರಾಮರ್ ತಾನಾಗಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಪದದ ಕೊನೆಯ 'ಎಸ್', 'ಇಡಿ' ಇಂಥವು ಅರ್ಥಕ್ಕೆ ಅಡ್ಡ ಬರದೆ ಹೋದರೆ ಕಣ್ಣು ಅವನ್ನು ದಾಟಿ ಹೋಗುತ್ತದೆ. ಅಲ್ಲಿ ಮೇಷ್ಟ್ರು ಬೆರಳು ಇಟ್ಟು ತೋರಿಸಬೇಕು.

ಡಿಕ್ಟೊಗ್ಲಾಸ್ ಬಗ್ಗೆ ಅರ್ಧ ಗಂಟೆ ಹೇಳುವ ಆಸೆ ಇತ್ತು. ಅರ್ಧ ನಿಮಿಷದಲ್ಲಿ ಹೇಳುತ್ತೇನೆ. ನಾಲ್ಕೈದು ವಾಕ್ಯದ ಒಂದು ಬರಹವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮಕ್ಕಳು ಸಿಕ್ಕಿದ ಪದ ಗೀಚಿಕೊಳ್ಳಲಿ. ಮೂರು ಮೂರು ಜನ ಕೂತು ಅದನ್ನು ಮತ್ತೆ ಕಟ್ಟಲಿ. ಕೊನೆಗೆ ಮೂಲದ ಜೊತೆ ಹೋಲಿಸಲಿ. ಎಲ್ಲಿ 'ದ' ಬಿಟ್ಟರು, ಎಲ್ಲಿ ಕಾಲ ಬದಲಾಯಿತು ಅಂತ ಅವರೇ ಹಿಡಿಯುತ್ತಾರೆ. ನಿಮ್ಮ ಕೆಂಪು ಪೆನ್ನಿಗೆ ರಜೆ.

ಸರ್ವನಾಮಕ್ಕೆ ಬಾಣ ಹಾಕಿಸುವ ಅಭ್ಯಾಸದ ಬಗ್ಗೆ ಹೇಳಲು ಆಗಲಿಲ್ಲ. ಇಟ್, ದೇ, ದಿಸ್ ಬಂದಲ್ಲೆಲ್ಲ ಅದು ಯಾವುದರ ಬದಲು ಬಂದಿದೆಯೋ ಅಲ್ಲಿಗೆ ಬಾಣ. ಅಷ್ಟೇ, ನಿಮಗೆ ಗೊತ್ತಾಯಿತು.

ಕೊನೆಯದಾಗಿ, ಪರೀಕ್ಷೆ. ಪೇಪರಿನಲ್ಲಿ ಒಂಟಿ ವಾಕ್ಯವೇ ಬರುತ್ತದಲ್ಲ ಸರ್, ಅಂತ ಟೀ ಬ್ರೇಕಿನಲ್ಲೇ ಒಬ್ಬರು ಕೇಳಿದರು. ಬರುತ್ತದೆ. ಪರೀಕ್ಷೆಗೆ ಮೊದಲು ಕೆಲವು ವಾರ ಆ ಮಾದರಿ ಮಾಡಿಸಿ, ಅದನ್ನು ಯಾರೂ ತಪ್ಪಿಸಲಾಗದು. ಆದರೆ ಜೂನಿನಿಂದಲೇ ಅದನ್ನು ಶುರು ಮಾಡಬೇಡಿ. ಮತ್ತೆ, ಶಾಲೆಯ ಕಿರುಪರೀಕ್ಷೆಯ ಪೇಪರ್ ತೆಗೆಯುವವರು ನಾವೇ ಅಲ್ವಾ? ಅದರಲ್ಲಿ ಒಂದು ಪ್ರಶ್ನೆ ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಪಾಠದಿಂದಲೇ ಎಂಟು ಸಾಲು ಎತ್ತಿಕೊಳ್ಳಿ, ಆರ್ಟಿಕಲ್ ಎಲ್ಲ ತೆಗೆದುಬಿಡಿ, ಹಾಕಲು ಹೇಳಿ. ಬೇರೆ ಹಾಕಿದವರು ಕಾರಣ ಕೊಟ್ಟರೆ, ಕಾರಣ ಸರಿಯಿದ್ದರೆ, ಮಾರ್ಕ್ಸ್ ಕೊಡಿ.

ಮೂರನೇ ಸಾಲಿನಲ್ಲಿ ಮೇಡಂ ಆಗಲೇ ಕೈ ಎತ್ತಿದ್ದಾರೆ. ಮುಖ ನೋಡಿದರೆ ಒಪ್ಪಿಗೆ ಇಲ್ಲ ಅಂತ ಕಾಣುತ್ತದೆ. ಮೈಕ್ ಅವರಿಗೆ ಕೊಡಿ.