ಕೋಡೊಲೆಯ ಮೇಲಿನ ಹಾಲು

ಎಲ್ಲರಿಗೂ ನಮಸ್ಕಾರ.

ಮೂವತ್ತು ವರ್ಷಕ್ಕೂ ಮೇಲೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದೆ. ಒಂದು ದಿನವೂ ಮುಂದಿನ ಬೆಂಚು ತುಂಬಿದ್ದು ನೋಡಿಲ್ಲ. ಇವತ್ತು ವಿಷಯ ಪಾಯಸ ಅಂತ ಗೊತ್ತಾಗಿ ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದೀರಿ. ಹೊರಗೆ ಜಗಲಿಯ ಮೇಜಿನ ಮೇಲೆ ಎರಡು ಪಾತ್ರೆ ಇಟ್ಟಿರುವುದನ್ನು ನೋಡಿಯೇ ಒಳಗೆ ಬಂದಿರುತ್ತೀರಿ. ಅವುಗಳ ವಿಷಯ ಕೊನೆಗೆ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮುಚ್ಚಳ ತೆಗೆಯಬೇಡಿ.

ನಾನು ಮಾತಾಡುವುದು ಅಕ್ಕಿ ಪಾಯಸದ ಬಗ್ಗೆ ಮಾತ್ರ. ಶಾವಿಗೆ, ಸಬ್ಬಕ್ಕಿ, ಗಸಗಸೆಯವರು ಬೇಜಾರು ಮಾಡಿಕೊಳ್ಳಬಾರದು. ಸಂಸ್ಕೃತದಲ್ಲಿ ಪಯಸ್ ಅಂದರೆ ಹಾಲು, ಅದರಿಂದ ಆದದ್ದು ಪಾಯಸ. ಆ ಲೆಕ್ಕ ಹಿಡಿದರೆ ದನದ ಹಾಲು ಒಂದು ತೊಟ್ಟೂ ಇಲ್ಲದ, ಕಾಯಿಹಾಲಿನ ಕಡಲೆಬೇಳೆ ಪಾಯಸ ಪಾಯಸವೇ ಅಲ್ಲ. ಈ ಮಾತನ್ನು ಮಂಗಳೂರಿನ ಕಡೆ ಹೋಗಿ ಹೇಳುವ ಧೈರ್ಯ ನನಗಿಲ್ಲ.

ನನ್ನ ವಯಸ್ಸಿನವರು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಕಾಲದಲ್ಲಿ ಪಾಯಸ ಅಂದ್ರೆ ಬರೀ ಹಾಲು, ಗಟ್ಟಿ ಹಾಲು, ಸೌಟು ನೆಟ್ಟರೆ ನಿಲ್ಲುತ್ತಿತ್ತು." ನಾನೂ ಹೇಳಿದ್ದೇನೆ, ಸೊಸೆಯ ಎದುರಿಗೆ ಒಂದಲ್ಲ ಹತ್ತು ಸಲ. ಹೋದ ವರ್ಷ ಒಂದು ಮಧ್ಯಾಹ್ನ ಸುಮ್ಮನೆ ಕೂತಿದ್ದಾಗ ಲೆಕ್ಕ ಹಾಕೋಣ ಅನ್ನಿಸಿತು. ಮೇಷ್ಟ್ರ ಚಟ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. 1960ರ ದಶಕ. ಉಣ್ಣುವವರು 14 ಜನ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳು. ಗಿಡ್ಡ ತಳಿ ನೋಡಿದವರಿಗೆ ಗೊತ್ತು, ಆಳಿನ ಸೊಂಟದ ಹತ್ತಿರಕ್ಕೆ ಬಂದರೆ ಹೆಚ್ಚು. ಬೆಟ್ಟ ಹತ್ತಿ ಮೇಯ್ದು ಸಂಜೆ ತಾನೇ ಮನೆಗೆ ಬರುತ್ತದೆ, ಕಾಯಿಲೆ ಕಸಾಲೆ ಕಡಿಮೆ. ಆದರೆ ಹಾಲು? ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ಅದನ್ನು ಹೊಗಳುತ್ತಿದ್ದರು. ಕರೆಯುವ ದನ ಒಂದು ಸಮಯಕ್ಕೆ ಎರಡು. ಅದರಲ್ಲಿ 14 ಜನರ ಕಾಫಿ ಆಗಬೇಕು, ಹೆಪ್ಪು ಹಾಕಬೇಕು, ಬೆಣ್ಣೆ ತೆಗೆಯಬೇಕು, ತೊಟ್ಟಿಲ ಕೂಸಿಗೆ ಉಳಿಸಬೇಕು. ಹಬ್ಬದ ದಿನ ಎಲ್ಲ ಕಡೆ ಕತ್ತರಿಸಿ ಪಾಯಸಕ್ಕೆ ಒಂದೂವರೆ ಲೀಟರ್ ಉಳಿಸಿದರು ಅನ್ನಿ. ತಲೆಗೆ 100 ಮಿಲಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಅದನ್ನು ಹಿಂಗಿಸಿ ಗಟ್ಟಿ ಮಾಡಿದ್ದರೆ ಎಲೆಯ ಮೇಲೆ ಒಂದು ಚಮಚ ಬೀಳುತ್ತಿತ್ತು. ನನಗೆ ನೆನಪಿರುವುದೋ ಎಲೆಯ ಆ ಅಂಚಿನಿಂದ ಈ ಅಂಚಿಗೆ ಹರಿಯುವ ಪಾಯಸ, ಅದನ್ನು ತಡೆಯಲು ಅನ್ನದ ಕಟ್ಟೆ ಕಟ್ಟಿಕೊಳ್ಳುತ್ತಿದ್ದ ನಾವು.

ಲೆಕ್ಕ ತಾಳೆಯಾಗಲಿಲ್ಲ. ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವರಿಗೀಗ 86. ಕಿವಿ ಸ್ವಲ್ಪ ಮಂದ, ನಾಲಿಗೆ ಮೊದಲಿನ ಹಾಗೇ ಇದೆ. "ಗಟ್ಟಿ ಹಾಲಾ? ಯಾರು ಹೇಳಿದ್ದು ನಿಂಗೆ? ನೀರೇ ಜಾಸ್ತಿ ಇರ್ತಿತ್ತು ಮಾರಾಯಾ. ಅಕ್ಕಿ ನೆನೆಸಿ ಕಾಯಿ ಜೊತೆ ಅರೆದು ಹಾಕ್ತಿದ್ವಿ, ಮಂದ ಬರ್ಲಿ ಅಂತ. ಹಾಲು ಕೊನೆಗೆ ಬಣ್ಣಕ್ಕೆ."

ಬಣ್ಣಕ್ಕೆ! ಅರವತ್ತು ವರ್ಷ ಹೊತ್ತುಕೊಂಡು ತಿರುಗಿದ ನೆನಪು ಒಂದು ಫೋನ್ ಕರೆಗೆ ನೀರಾಯಿತು.

ಆದರೆ ರುಚಿ ಸುಳ್ಳಲ್ಲವಲ್ಲ. ಆ ಹಾಲಿನ ರುಚಿ ನಾಲಿಗೆಯಲ್ಲಿದೆ. ಅದು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ನನಗೆ ಸಿಕ್ಕಿದ್ದು ಕೋಡೊಲೆ.

ಇಲ್ಲಿ ಕೆಲವರಿಗೆ ಗೊತ್ತಿರುತ್ತದೆ, ಚಿಕ್ಕವರಿಗಾಗಿ ಹೇಳುತ್ತೇನೆ. ಮಣ್ಣಿನ ಒಲೆಯಲ್ಲಿ ಸೌದೆ ಇಡುವ ದೊಡ್ಡ ಬಾಯಿ ಒಂದು, ಅದರ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು ಸಣ್ಣ ಒಲೆ. ಅದಕ್ಕೆ ಬೇರೆ ಬೆಂಕಿ ಇಲ್ಲ. ದೊಡ್ಡ ಒಲೆಯ ಜ್ವಾಲೆ, ಬಿಸಿಗಾಳಿ ಒಳಗಿನ ಕಿಂಡಿಯಿಂದ ಹಾದು ಅಲ್ಲಿಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಕಾಫಿಯಾದ ಮೇಲೆ ಅಜ್ಜಿ ಹಾಲಿನ ಪಾತ್ರೆಯನ್ನು ಅದರ ಮೇಲಿಟ್ಟರೆ ಮಧ್ಯಾಹ್ನದ ಅಡುಗೆ ಮುಗಿಯುವವರೆಗೂ ಅಲ್ಲೇ. ಹಾಲು ಕುದಿಯುವುದಿಲ್ಲ, ತಣಿಯುವುದೂ ಇಲ್ಲ. ಆಗಾಗ ಒಂದು ಗುಳ್ಳೆ ಬಂದು ಕೆನೆಯನ್ನು ಎತ್ತಿ ಒಡೆದು ಸುಮ್ಮನಾಗುತ್ತದೆ.

ಪಾತ್ರೆ ಹಿತ್ತಾಳೆಯದು, ಒಳಗೆ ಕಲಾಯಿ. ತಳದಲ್ಲಿ ಒಂದು ಸಣ್ಣ ತಟ್ಟೆಯನ್ನು ಬೋರಲು ಹಾಕಿರುತ್ತಿದ್ದರು. ಚಿಕ್ಕವನಿದ್ದಾಗ ಅದು ಯಾಕೆ ಅಂತ ಕೇಳಿದ್ದಕ್ಕೆ "ಹಾಲಿಗೆ ಹೆದರಿಕೆ ಆಗ್ದಿರ್ಲಿ ಅಂತ" ಅಂದಿದ್ದರು ಅಜ್ಜಿ. ಆ ತಟ್ಟೆಯಡಿ ಆವಿ ಸೇರುತ್ತದೆ, ತುಂಬಿದಾಗ ತಟ್ಟೆಯನ್ನು ಟಕ್ಕನೆ ಎತ್ತಿ ಹೊರಗೆ ಬರುತ್ತದೆ. ಟಕ್, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ತಳದ ಹಾಲು ಕದಲುತ್ತಲೇ ಇರುವುದರಿಂದ ಅಡಿ ಹಿಡಿಯುವುದು ಕಡಿಮೆ. ಟಕ್ ಟಕ್ ಬೇಗ ಬೇಗ ಬರತೊಡಗಿದರೆ ಅಜ್ಜಿ ಹಿತ್ತಲಿನಲ್ಲಿದ್ದರೂ ಕೂಗುತ್ತಿದ್ದರು: "ಮಾಣಿ, ಸೌದೆ ಹಿಂದೆ ತೆಗಿ!"

ಈಗ ಸ್ವಲ್ಪ ಪಾಠ. ಐದು ನಿಮಿಷ ಸಹಿಸಿಕೊಳ್ಳಿ.

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಉಳಿದದ್ದರಲ್ಲಿ ಕೊಬ್ಬು, ಪ್ರೋಟೀನು, ಲ್ಯಾಕ್ಟೋಸ್ ಎಂಬ ಸಕ್ಕರೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಹಾಲೊಡಕಿನ ಪ್ರೋಟೀನುಗಳು ತಮ್ಮ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲೆ ಕೊಬ್ಬಿನ ಜೊತೆ ಸೇರಿ ಒಣಗಿದ್ದೇ ಕೆನೆ. ಇನ್ನೂ ಹೊತ್ತು ಬಿಟ್ಟರೆ ಲ್ಯಾಕ್ಟೋಸು ಮತ್ತು ಪ್ರೋಟೀನು ಕೂಡಿ ಹೊಸ ಹೊಸ ವಾಸನೆ, ಬಣ್ಣ ಹುಟ್ಟಿಸುತ್ತವೆ. ಲೂಯಿ ಕಮೀಲ್ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಬಗೆಯ ಕ್ರಿಯೆಯನ್ನು ವಿವರಿಸಿದ. ಹುರಿದ ಕಾಫಿಬೀಜದಲ್ಲಿ, ಕಾವಲಿಯ ದೋಸೆಯ ಕೆಂಪಿನಲ್ಲಿ ಆಗುವುದೂ ಅದೇ. ಕೇರಳದ ಅಂಬಲಪ್ಪುಳ ದೇವಸ್ಥಾನದ ಹಾಲುಪಾಯಸ ತಿಂದವರಿದ್ದರೆ ಅದರ ನಸುಗೆಂಪು ನೆನಪಿಸಿಕೊಳ್ಳಿ. ಬಣ್ಣ ಹಾಕಿದ್ದಲ್ಲ. ಹಾಲು, ಅಕ್ಕಿ, ಸಕ್ಕರೆ, ಮತ್ತೆ ಗಂಟೆಗಟ್ಟಲೆ ಉರಿ.

ಅಲ್ಲಿಗೆ ನನ್ನ ಲೆಕ್ಕ ತಾಳೆಯಾಯಿತು. ನಮ್ಮ ಮನೆಯ ಪಾಯಸದಲ್ಲಿ ಹಾಲು ಕಡಿಮೆಯಿತ್ತು, ನಿಜ. ಆದರೆ ಇದ್ದಷ್ಟು ಹಾಲು ಅಕ್ಕಿಯನ್ನು ಸೇರುವ ಹೊತ್ತಿಗೆ ಆರು ತಾಸು ಕೋಡೊಲೆಯ ಮೇಲೆ ಕೂತು ಎದ್ದಿರುತ್ತಿತ್ತು. ನಾವು ಹೊಗಳುತ್ತಿದ್ದದ್ದು ಹಾಲಿನ ಪ್ರಮಾಣವನ್ನಲ್ಲ, ಅದರ ಹೊತ್ತನ್ನು.

ಬಡಿಸುವ ವಿಷಯಕ್ಕೆ ಬರೋಣ. ದಶರಥನ ಪಾಯಸದ ಭಾಗಾಕಾರ ನಿಮಗೆ ನೆನಪಿರಬೇಕು. ವಾಲ್ಮೀಕಿ ಹೇಳುವಂತೆ ಕೌಸಲ್ಯೆಗೆ ಅರ್ಧ, ಸುಮಿತ್ರೆಗೆ ಕಾಲು, ಕೈಕೇಯಿಗೆ ಅರೆಕಾಲು, ಉಳಿದ ಅರೆಕಾಲು ಯೋಚನೆ ಮಾಡಿ ಮತ್ತೆ ಸುಮಿತ್ರೆಗೆ. ಇಷ್ಟು ಅಸಮ ಹಂಚಿಕೆ ನಮ್ಮ ಅಡುಗೆಮನೆಯಲ್ಲಿ ಆಗಿದ್ದರೆ ರಾಮಾಯಣ ಅಲ್ಲೇ ನಡೆದುಹೋಗುತ್ತಿತ್ತು. ಅಜ್ಜಿ ಒಂದೇ ಸೌಟಿನಲ್ಲಿ, ಮಕ್ಕಳ ಪಂಕ್ತಿಯ ಈ ತುದಿಯಿಂದ ಆ ತುದಿಗೆ, ಮುಖ ನೋಡದೆ ಬಡಿಸುತ್ತಿದ್ದರು. ಪಾತ್ರೆ ಕೆರೆಯುವ ಹಕ್ಕು ಮಾತ್ರ ಸರದಿ ಮೇಲೆ. ತಳದಲ್ಲಿ ಕಂದಾಗಿ ಅಂಟಿದ, ಸೀಯಲು ಇನ್ನೊಂದೇ ಕ್ಷಣ ಇದ್ದ ಆ ಪದರ! ಕೆರೆಯಲು ತೆಂಗಿನ ಕರಟದ ಚೂರು. ಕಬ್ಬಿಣದ ಸಟ್ಟುಗ ತಾಗಿದರೆ ಕಲಾಯಿ ಏಳುತ್ತದೆ.

ಅಪ್ಪಟ ಹಾಲಿನ ಸಿಹಿ ಅಂತ ನಾವು ಹೊಟ್ಟೆತುಂಬ ತಿಂದದ್ದು ಒಂದೇ, ಗಿಣ್ಣು. ಅದು ಪಾಯಸವಲ್ಲ, ಆದರೂ ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ದನ ಕರು ಹಾಕಿದ ದಿನದ ಹಾಲು ಹಳದಿ, ಕೈಗೆ ಅಂಟುವಷ್ಟು ಮಂದ. ಮೊದಲ ಪಾಲು ಕರುವಿಗೆ, ಅದರಲ್ಲಿ ಅಜ್ಜಿ ರಾಜಿಯಾದವರಲ್ಲ. ವಿಜ್ಞಾನವೂ ಅದನ್ನೇ ಹೇಳುತ್ತದೆ. ರೋಗ ತಡೆಯುವ ಪ್ರತಿಕಾಯಗಳು ದನದ ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ದಿನದೊಳಗೆ ಗಿಣ್ಣುಹಾಲಿನ ಮೂಲಕವೇ ಹೋಗಬೇಕು. ಮಾಮೂಲಿ ಹಾಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ಚಿಲ್ಲರೆ ಇದ್ದರೆ ಮೊದಲ ಗಿಣ್ಣಿನಲ್ಲಿ 14ರ ಆಸುಪಾಸು. ಮೊಟ್ಟೆ ಬೇಡ, ಹಿಟ್ಟು ಬೇಡ, ಹಬೆ ತಾಗಿದರೆ ಸಾಕು, ತಾನೇ ಹೆಪ್ಪುಗಟ್ಟುತ್ತದೆ. ಮೊದಲ ದಿನದ ಹಾಲನ್ನು ಹಾಗೇ ಬೇಯಿಸಿದರೆ ರಬ್ಬರಿನಂತಾಗುತ್ತದೆ, ಮಾಮೂಲಿ ಹಾಲು ಬೆರೆಸಬೇಕು. ಎಷ್ಟು? ಅಜ್ಜಿ ಅಂದಾಜಿಗೆ ಬಿಡುತ್ತಿರಲಿಲ್ಲ. ಬೆಲ್ಲ, ಏಲಕ್ಕಿ ಕರಗಿಸಿದ ಮಿಶ್ರಣವನ್ನು ಒಂದು ಸಣ್ಣ ಬಟ್ಟಲಿಗೆ ಹಾಕಿ ಹಬೆಯಲ್ಲಿಟ್ಟು ನೋಡುವುದು. ಬೆರಳಿಟ್ಟರೆ ತುಸು ಕುಣಿಯಬೇಕು, ಬೆರಳಿಗೆ ಅಂಟಬಾರದು. ಆ ಪರೀಕ್ಷೆಯ ಬಟ್ಟಲು ಯಾರ ಹೊಟ್ಟೆಗೆ ಹೋಗುತ್ತಿತ್ತು ಅಂತ ಹೇಳಬೇಕಿಲ್ಲ. ಈಗ ಪೇಟೆಯಲ್ಲಿ ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡಿ ಗಿಣ್ಣು ಅಂತ ಮಾರುತ್ತಾರೆ. ನೋಡಲು ಅದೂ ಕುಣಿಯುತ್ತದೆ.

ಸರಿ, ಈಗಿನ ಅಡುಗೆಮನೆ. ಕೋಡೊಲೆ ಇಲ್ಲ, ಗ್ಯಾಸ್ ಇದೆ, ಪ್ಯಾಕೆಟ್ ಹಾಲಿದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಫುಲ್ ಕ್ರೀಮ್‌ನಲ್ಲಿ 6. ಪಾಯಸಕ್ಕೆ ಎರಡನೆಯದು. ಒಂದು ಲೀಟರಿಗೆ ಅಕ್ಕಿ ಒಂದು ಹಿಡಿ, 60 ಗ್ರಾಂ ಸುತ್ತಮುತ್ತ. ಜಾಸ್ತಿ ಹಾಕುವವರೇ ಹೆಚ್ಚು. ಬಿಸಿಯಿದ್ದಾಗ ನೀರಾಯಿತು ಅನ್ನಿಸಿ ಇನ್ನೊಂದು ಹಿಡಿ ಹಾಕಿಬಿಡುತ್ತಾರೆ. ತಣಿದ ಮೇಲೆ ಪಿಷ್ಟ ಬಿಗಿದುಕೊಂಡು ಪಾಯಸ ಮುದ್ದೆಯಾಗುತ್ತದೆ. ಸೋನಾ ಮಸೂರಿ ಆಗುತ್ತದೆ. ಗಂಧಸಾಲೆಯಂಥ ಪರಿಮಳದ ಸಣ್ಣಕ್ಕಿ ಸಿಕ್ಕಿದರೆ ಏಲಕ್ಕಿ ಕೂಡ ಬೇಡ. ಅಕ್ಕಿಯನ್ನು ಚಮಚ ತುಪ್ಪದಲ್ಲಿ ಬೆಚ್ಚಗೆ ಮಾಡಿ, ಕುದಿಬಂದ ಹಾಲಿಗೆ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಅತಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಅಂಚಿಗೆ ಕಟ್ಟುವ ಕೆನೆಯನ್ನು ಕೆರೆದು ಒಳಗೆ ತಳ್ಳುತ್ತಿರಿ. ಲೀಟರ್ ಹಾಲು ಮುಕ್ಕಾಲಿಗಿಂತ ಕೆಳಗಿಳಿಯಬೇಕು.

ಸಕ್ಕರೆ ಕೊನೆಗೆ. "ಸಕ್ಕರೆ ಬಿದ್ದ ಮೇಲೆ ಅಕ್ಕಿ ಬೇಯೋದಿಲ್ಲ" ಅಂತ ಹೆಂಗಸರು ಹೇಳುವುದು ಬಹುಮಟ್ಟಿಗೆ ಸತ್ಯ. ಪಿಷ್ಟ ಅರಳಲು ಬೇಕಾದ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಬೆಲ್ಲವಾದರೆ, ಒಲೆ ಆರಿಸಿ, ಪಾಯಸ ಬೆಚ್ಚಗಾದ ಮೇಲೆ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಾಡಿಗೆ ಕೋಣೆ, ಸೀಮೆಎಣ್ಣೆ ಸ್ಟೌವು. ದೀಪಾವಳಿಗೆ ಊರಿಗೆ ಹೋಗಲಾಗದೆ ಇಬ್ಬರು ಸಹೋದ್ಯೋಗಿಗಳನ್ನು ಊಟಕ್ಕೆ ಕರೆದು ಪಾಯಸಕ್ಕೆ ಕೈಹಾಕಿದೆ. ಕುದಿಯುವ ಹಾಲಿಗೆ ಬೆಲ್ಲದ ಉಂಡೆ ಹಾಕಿದೆ. ಎರಡು ನಿಮಿಷದಲ್ಲಿ ಹಾಲು ಒಡೆದು ಹಸಿರು ಮಿಶ್ರಿತ ನೀರಿನಲ್ಲಿ ಗಂಟುಗಂಟು ತೇಲಿತು. ಬೆಲ್ಲದಲ್ಲಿ ಹುಳಿಯಂಶ ಇರುತ್ತದೆ, ಹಾಲು ಬಿಸಿಯಿದ್ದಷ್ಟೂ ಸ್ವಲ್ಪ ಹುಳಿಗೇ ಒಡೆಯುತ್ತದೆ. ಇದನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನೇ! ಮೂವರೂ ಅದನ್ನು ಬಟ್ಟೆಯಲ್ಲಿ ಸೋಸಿ ಹಿಂಡಿ ತಿಂದೆವು. ಊರಿಗೆ ಬರೆದೆ. ಅಜ್ಜಿ ಚಿಕ್ಕಪ್ಪನ ಕೈಯಲ್ಲಿ ಬರೆಸಿದ ಕಾರ್ಡು ಬಂತು. ಕ್ಷೇಮ ಸಮಾಚಾರದ ಕೆಳಗೆ ಒಂದೇ ಸಾಲು: "ಬೆಲ್ಲ ಹಾಕುವಾಗ ಪಾತ್ರೆ ಒಲೆಯ ಮೇಲೆ ಇರಕೂಡದು."

ಮೈಸೂರಿಗೆ ಬಂದ ಮೇಲೆ ಪಕ್ಕದ ಅಯ್ಯಂಗಾರ್ ಮನೆಯಿಂದ ಧನುರ್ಮಾಸದಲ್ಲಿ, ಕೂಡಾರವಲ್ಲಿಯ ದಿನ, ಅಕ್ಕಾರವಡಿಸಲ್ ಬರುತ್ತಿತ್ತು. ಹಾಲಿನಲ್ಲಿ ಬೆಂದ ಅಕ್ಕಿ, ಬೆಲ್ಲ, ತುಪ್ಪ. ತಮಿಳಿನ ಭಕ್ತಕವಯಿತ್ರಿ ಆಂಡಾಳ್ ತನ್ನ ತಿರುಪ್ಪಾವೈಯ 27ನೆಯ ಪಾಶುರದಲ್ಲಿ, ಅಂದರೆ ಪದ್ಯದಲ್ಲಿ, ಹಾಲನ್ನ ಮುಚ್ಚುವಷ್ಟು ತುಪ್ಪ, ಅದು ಮೊಣಕೈಗೆ ಇಳಿಯಬೇಕು ಅನ್ನುತ್ತಾಳೆ. ಆ ಮನೆಯ ಮಾಮಿ ಇದನ್ನು ಅಕ್ಷರಶಃ ಪಾಲಿಸುತ್ತಿದ್ದರು. ನನಗೀಗ ವೈದ್ಯರು ತುಪ್ಪದ ಬಗ್ಗೆ ಹೇಳುವುದಕ್ಕೆ ಅವರೂ ಸ್ವಲ್ಪ ಕಾರಣ.

ಈಗ ಆ ಎರಡು ಪಾತ್ರೆ. ಒಂದರಲ್ಲಿ ನಾನು ಬೆಳಿಗ್ಗೆ ಒಂದೂಕಾಲು ಗಂಟೆ ನಿಂತು, ತಳಕ್ಕೆ ತಟ್ಟೆ ಬೋರಲು ಹಾಕಿ ಮಾಡಿದ ಪಾಯಸ. ಇನ್ನೊಂದು ನನ್ನ ಸೊಸೆ ಕುಕ್ಕರಿನಲ್ಲಿ ಅಕ್ಕಿ ಬೇಯಿಸಿ, ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಸುರಿದು 20 ನಿಮಿಷದಲ್ಲಿ ಮಾಡಿದ್ದು. ಹೋದ ವಾರ ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನನಗೇ ಪರೀಕ್ಷೆ ಇಟ್ಟರು. ಒಂದು ಚಮಚ ತಿಂದು, ಧೈರ್ಯವಾಗಿ, "ಇದು ನಂದು" ಅಂದೆ. ಅದು ಸೊಸೆಯದ್ದಾಗಿತ್ತು. ಅವಳು ನಗಲಿಲ್ಲ, ಪಾಪ. ಮೊಮ್ಮಗ ನಕ್ಕ. ಆಮೇಲೆ ಯೋಚಿಸಿದೆ, ಆ ಡಬ್ಬಿಯಲ್ಲಿರುವುದೂ ನೀರು ಹಾರಿಸಿದ ಹಾಲೇ ತಾನೆ. ಕಾರ್ಖಾನೆಯಲ್ಲಿ ಗಾಳಿಯ ಒತ್ತಡ ಇಳಿಸಿ ಕಡಿಮೆ ಶಾಖದಲ್ಲಿ ಆ ಕೆಲಸ ಮಾಡುತ್ತಾರೆ. ಅವಳ ಬದಲು ಇನ್ಯಾರೋ ಕೋಡೊಲೆಯ ಮುಂದೆ ನಿಂತಿದ್ದರು ಅನ್ನಿ.

ಪಾತ್ರೆಗಳ ಮೇಲೆ ಹೆಸರು ಬರೆದಿಲ್ಲ, ನಂಬರು ಮಾತ್ರ ಇದೆ. ಲೋಟ ಸಣ್ಣದು, ಎರಡರಿಂದಲೂ ಅರ್ಧರ್ಧ ಹಾಕಿಸಿಕೊಳ್ಳಿ. ಸೌಟು ಅದಲುಬದಲು ಮಾಡಬೇಡಿ. ಮತ್ತೆ, ಒಂದನೇ ಪಾತ್ರೆಯ ತಳ ಕೆರೆಯುವುದು ಇವತ್ತು ಮೊಮ್ಮಗನ ಸರದಿ. ದೊಡ್ಡವರು ಯಾರೂ ಅದಕ್ಕೆ ಕೈಹಾಕಬಾರದು.