ತೇಗು ಬಂದ್ರ ಅರಗಿತು ಅಂತಲ್ರಿ

ಸಂಜೀಮುಂದ ಹುಬ್ಬಳ್ಳಿಯೊಳಗ ಯಾವ ಮಿರ್ಚಿ ಗಾಡಿ ಮುಂದ ನಿಂತ್ರೂ ಈ ಮಾತು ಕಿವಿಗೆ ಬೀಳ್ತದ: "ಗಿರಮಿಟ್ ಆತು, ನಾಕು ಮಿರ್ಚಿ ಆತು, ಒಂದ್ ಸೋಡಾ ಕುಡಿ, ಅರಗತದ." ಕುಡೀತಾರ, ಡರ್ರ್ ಅಂತ ತೇಗ್ತಾರ, ಹೊಟ್ಟಿ ಹಗರಾತು ಅಂತಾರ. ಅಲ್ರಿ, ಹೊರಗ ಬಂದದ್ದು ಸೋಡಾದ ಗ್ಯಾಸು. ಮಿರ್ಚಿ ಇನ್ನೂ ಒಳಗ ಕುಂತದ.

ಗಿರಮಿಟ್ಟಿನೊಳಗಿನ ಚುರಮುರಿ ಅಂದ್ರ ಪಿಷ್ಟ. ಅದನ್ನ ಬಾಯಾಗಿನ ಜೊಲ್ಲೇ ಒಡೀಲಿಕ್ಕೆ ಸುರು ಮಾಡ್ತದ. ಅದಕ್ಕ ಅಗದಷ್ಟೂ ಸಿಹಿ ಹತ್ತತದ. ಮಿರ್ಚಿ ಭಜಿಯ ಕಡ್ಲಿಹಿಟ್ಟಿನ ಪ್ರೋಟೀನು ಜಠರದ ಆಮ್ಲದಾಗ ಒಡೀತದ. ಖರೇ ತಕರಾರು ಎಣ್ಣೀದು. ಅದರ ಕೆಲಸ ಬಹುತೇಕ ನಡಿಯೂದು ಸಣ್ಣ ಕರುಳಿನ್ಯಾಗ, ಪಿತ್ತರಸ ಮತ್ತ ಮೇದೋಜೀರಕದ ರಸ ಕೂಡಿದ ಮ್ಯಾಲೆ. ಎದಿ ಉರದ್ರ "ಪಿತ್ತ ಆಗೇದ" ಅಂತೀವಲ್ಲ, ಪಾಪ, ಆ ಪಿತ್ತರಸ ಇಲ್ಲಾಂದ್ರ ಭಜಿ ಎಣ್ಣಿ ಅರಗೂದ ಕಷ್ಟ.

ಎಣ್ಣಿ ಸಣ್ಣ ಕರುಳಿನ ಬಾಗಲಾ ಮುಟ್ಟಿದ ಕೂಡ್ಲೆ ಕೊಲೆಸಿಸ್ಟೊಕೈನಿನ್ ಅನ್ನೂ ಹಾರ್ಮೋನು ಹೊಂಡತದ. ಪಿತ್ತಕೋಶ ಹಿಂಡಸ್ತದ, ಜಠರಕ್ಕ "ಸಾವಕಾಶ ಕಳಸು" ಅಂತದ. ಸಾದಾ ಊಟ 2ರಿಂದ 4 ತಾಸಿನ್ಯಾಗ ಕೆಳಗ ಇಳದ್ರ, ಕರದದ್ದು ಇನ್ನೂ ಹೊತ್ತು ಹಿಡೀತದ. ಅದ ಹಾರ್ಮೋನು ಅನ್ನನಾಳದ ತಳದಾಗಿನ ವಾಲ್ವನ್ನೂ ಸಡಲ ಮಾಡ್ತದ. ಅದರ ಮ್ಯಾಲೆ ಸೋಡಾ! ಗ್ಯಾಸಿಗೆ ಜಠರ ಉಬ್ಬತದ, ವಾಲ್ವ್ ತೆಗೀತದ. ಆ ತೆಗಿಯೂದ ತೇಗು. ಗ್ಯಾಸಿನ ಹಿಂದ ಆಮ್ಲನೂ ಮ್ಯಾಲೆ ಬಂದ್ರ ಎದಿ ಉರಿ.

ಮರುದಿನದ ಹೊಟ್ಟಿ ಉಬ್ಬರ ಬ್ಯಾರೆ. ಕಡ್ಲಿಯೊಳಗಿನ ರಾಫಿನೋಸ್ ಅನ್ನೂ ಸಕ್ಕರಿ ಒಡಿಯೂ ಕಿಣ್ವ ನಮ್ಮ ಸಣ್ಣ ಕರುಳಿನ್ಯಾಗ ಇಲ್ಲ. ಅದು ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾ ಬಾಯಿಗೆ ಬೀಳ್ತದ, ಗ್ಯಾಸ್ ಆಗ್ತದ. ಇನ್ನ ಖಾರದ ಉರಿ ಆಮ್ಲದ್ದಲ್ಲ. ಬಿಸಿ ತಿಳಿಯೂ ನರಾನ ಕ್ಯಾಪ್ಸೈಸಿನ್ ಕೆಣಕತದ. ಎಣ್ಣಿಯೊಳಗ ಕರಗೂ ವಸ್ತು ಅದು, ನೀರಿಗೆ ಜಗ್ಗಂಗಿಲ್ಲ. ಮಸರು ತಿನ್ರಿ.

ಮಿರ್ಚಿ ಬಿಡ್ರಿ ಅಂತ ನಾ ಅನ್ನಂಗಿಲ್ಲ, ಧಾರವಾಡ ಮಳ್ಯಾಗ ಅದು ಆಗೂ ಮಾತಲ್ಲ. ನಾಕರ ಬದ್ಲಿ ಎರಡು ತಿನ್ರಿ, ಸೋಡಾ ಬದ್ಲಿ ಮಜ್ಜಗಿ ಕುಡೀರಿ, ಮಲಗೂಕಿಂತ 3 ತಾಸು ಮೊದಲ ಮುಗಸ್ರಿ. ರಾತ್ರಿ ಎದಿ ಉರದ್ರ ಎಡಮಗ್ಗಲಾಗ್ರಿ, ತಲಿ ಕಡೆ ಮಂಚದ ಕಾಲಿಗೆ 6 ಇಂಚಿನ ದಿಮ್ಮಿ ಕೊಡ್ರಿ. ನುಂಗೂಮುಂದ ಸಿಕ್ಕೊಂಡಂಗಾದ್ರ, ಸಂಡಾಸು ಡಾಂಬರಿನಂಗ ಕಪ್ಪಾದ್ರ ಡಾಕ್ಟರ ಕಡೆ ಹೋಗ್ರಿ. ಎದಿ ಬಿಗದು, ಬೆವರು ಕಿತ್ತು, ನೋವು ತೋಳಿಗೋ ದವಡಿಗೋ ಹರದ್ರ ಅದನ್ನ ಗ್ಯಾಸ್ ಅಂತ ತಿಳದು ಸೋಡಾ ಅಂಗಡಿ ಹುಡುಕಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.